ಬೈಯೋಕೆ ಯಾರೂ ಇಲ್ಲದಾಗ

ನಾನು ಆಪ್ತಸಮಾಲೋಚಕಿ. ನನ್ನ ಹತ್ತಿರ ಬಂದ ಒಬ್ಬರ ಕತೆ ಇದು. ಹೆಸರು, ಊರು, ನೌಕರಿ ಎಲ್ಲ ಬದಲಿಸಿದ್ದೇನೆ. ವಾದ್ಯ ಮಾತ್ರ ಬದಲಿಸಿಲ್ಲ. ಅದನ್ನು ತೆಗೆದರೆ ಹೇಳಲು ಏನೂ ಉಳಿಯುವುದಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಶ್ರೀಧರ ಅನ್ನೋಣ. ವಯಸ್ಸು 39, ಬ್ಯಾಂಕ್ ನೌಕರಿ. ಕಾಲೇಜು ಗೆಳೆಯರ ಬ್ಯಾಂಡ್‌ನಲ್ಲಿ ಆರು ವರ್ಷ ಡ್ರಮ್ಸ್ ನುಡಿಸಿದ್ದರು. ಅಪ್ಪನಿಗೆ ಬೈಪಾಸ್ ಆಯಿತು, ಅದೇ ಹೊತ್ತಿಗೆ ಬ್ಯಾಂಕಿನ ಆರ್ಡರ್ ಕೈಗೆ ಬಂತು, ಬ್ಯಾಂಡ್ ಬಿಟ್ಟರು. ಒಂದೂವರೆ ವರ್ಷದೊಳಗೆ ಆ ಬ್ಯಾಂಡಿನ ಹಾಡೊಂದು ಎಲ್ಲರ ಬಾಯಲ್ಲೂ ಕುಣಿಯತೊಡಗಿತು. ಇವರು ಮಧ್ಯರಾತ್ರಿ ಎದ್ದು ಕೂತು ಅವರ ವಿಡಿಯೋ ನೋಡುತ್ತಾರೆ ಎಂದು ಹೆಂಡತಿಯೇ ನನ್ನ ಹತ್ತಿರ ಕರೆತಂದಿದ್ದರು.

ಇಂಥವರು ಬಹಳ ಜನ ಬರುತ್ತಾರೆ. ಎಲ್ಲರೂ ಸಂಗೀತಗಾರರಲ್ಲ. ಸರ್ಜಾಪುರ ರಸ್ತೆಯ ಸೈಟನ್ನು ರೇಟು ಏರುವ ಮೊದಲೇ ಮಾರಿದವರು ಇರುತ್ತಾರೆ. ಶೇರು ಪೇಟೆಗೆ ಬರುವ ಮೊದಲೇ ಕಂಪನಿ ಬಿಟ್ಟವರು ಇರುತ್ತಾರೆ. ನೆಂಟರು ಇವರಿಗೆಲ್ಲ ಒಂದೇ ಮದ್ದು ಅರೆದು ಕುಡಿಸಿರುತ್ತಾರೆ: "ಆಗೋದೆಲ್ಲಾ ಒಳ್ಳೇದಕ್ಕೆ." ನನಗೆ ಈ ಮಾತು ಕಂಡರಾಗದು. ಕಳೆದುಕೊಂಡವರನ್ನು ಕಳೆದುಕೊಂಡೆ ಅನ್ನಲೂ ಬಿಡದ ಮಾತು ಅದು.

ಮೊದಲ ಭೇಟಿಯಲ್ಲೇ ಶ್ರೀಧರ ಹೇಳಿದ್ದರು: "ಎರಡನೇ ಚರಣಕ್ಕೆ ಮುಂಚೆ ಒಂದು ಡ್ರಮ್ ರೋಲ್ ಬರುತ್ತೆ. ಅದು ನಂದು ಮೇಡಂ." ನನ್ನ ಟೇಬಲ್ಲಿನ ಮೇಲೆ ಬೆರಳಲ್ಲೇ ಬಾರಿಸಿ ತೋರಿಸಿದರು. ಲೋಟದ ನೀರು ಅಲುಗಿತು. ಮುಗಿದ ಕೂಡಲೇ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು, ಮೇಷ್ಟ್ರ ಕೈಗೆ ಸಿಕ್ಕಿಬಿದ್ದ ಹುಡುಗನ ಹಾಗೆ.

ಮೂರನೇ ಭೇಟಿಯ ದಿನ ಅವರೇ ಪೀಟ್ ಬೆಸ್ಟ್ ವಿಷಯ ತೆಗೆದರು. ಬ್ಯಾಂಕಿನಲ್ಲಿ ಹಳೇ ಕತೆ ಗೊತ್ತಿರುವ ಒಬ್ಬರು ಅವರನ್ನು ಆ ಹೆಸರಲ್ಲೇ ರೇಗಿಸುತ್ತಿದ್ದರಂತೆ. ಬೆಸ್ಟ್ ಎರಡು ವರ್ಷ ಇಂಗ್ಲೆಂಡಿನ ಜಗತ್ಪ್ರಸಿದ್ಧ ಬ್ಯಾಂಡ್ ಬೀಟಲ್ಸ್‌ನ ಡ್ರಮ್ಮರ್ ಆಗಿದ್ದವರು. 1962ರ ಆಗಸ್ಟ್ 16ರಂದು ಮ್ಯಾನೇಜರ್ ಬ್ರಯಾನ್ ಎಪ್ಸ್ಟೀನ್ ಕರೆಸಿ, ನೀನು ಇನ್ನು ಬೇಡ ಎಂದು ತಿಳಿಸಿದರು. ಅಕ್ಟೋಬರ್ 5ಕ್ಕೆ ಬ್ಯಾಂಡಿನ 'ಲವ್ ಮಿ ಡೂ' ಹಾಡು ಹೊರಬಂತು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು. ಬೆಸ್ಟ್ ಮಾತ್ರ ಲಿವರ್‌ಪೂಲ್‌ನ ಉದ್ಯೋಗ ಕಚೇರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು.

ನನಗೂ ಆ ಕತೆ ಸ್ವಲ್ಪ ಗೊತ್ತಿತ್ತು. ಜಾಣತನ ತೋರಿಸಲು ಹೋದೆ. ಬೆಸ್ಟ್ ಜಾಗಕ್ಕೆ ಬಂದ ರಿಂಗೋಗೂ ಅದೇ ಗತಿ ಆಗಿತ್ತು, ಸೆಪ್ಟೆಂಬರ್ 11ರ ರೆಕಾರ್ಡಿಂಗ್‌ನಲ್ಲಿ ಡ್ರಮ್ಸ್‌ಗೆ ಆ್ಯಂಡಿ ವೈಟ್ ಎಂಬುವರನ್ನು ಕೂರಿಸಿ ರಿಂಗೋ ಕೈಗೆ ಟ್ಯಾಂಬೊರಿನ್ ಎಂಬ ಸಣ್ಣ ಕೈವಾದ್ಯ ಕೊಟ್ಟಿದ್ದರು ಎಂದೆ. ಅಷ್ಟಕ್ಕೇ ನಿಲ್ಲಿಸದೆ, "ಬೆಸ್ಟ್ ಅವರನ್ನು ಹೊರಗೆ ಹಾಕಿದರು. ನಿಮ್ಮನ್ನು ಯಾರೂ ಹಾಕಲಿಲ್ಲ, ನೀವಾಗೇ ಬಿಟ್ಟಿರಿ. ಅವರಿಗಾದ ಅವಮಾನ ನಿಮಗೆ ಆಗಿಲ್ಲ ಅಲ್ವಾ?" ಅಂದೆ.

ಶ್ರೀಧರ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಅದೇ ಸಂಕಟ ಮೇಡಂ. ಬೈಯೋಕೆ ಅವರಿಗೆ ಜನ ಇದ್ದಾರೆ. ನನಗೆ ಯಾರಿದ್ದಾರೆ?"

ನಾನು ಸುಮ್ಮನಾದೆ. ಅವರೇ ಮುಂದುವರಿಸಿದರು. ಅಪ್ಪ ಈಗ ಗುಂಡುಕಲ್ಲಿನ ಹಾಗಿದ್ದಾರೆ. ಬೆಳಗಿನ ವಾಕಿಂಗ್‌ನಲ್ಲಿ ಸಿಕ್ಕವರಿಗೆಲ್ಲ "ನಮ್ಮ ಹುಡುಗನೂ ಆ ಬ್ಯಾಂಡ್‌ನಲ್ಲೇ ಇದ್ದ" ಎಂದು ಹೇಳುತ್ತಾರೆ. ಆ ಮಾತು ಕಿವಿಗೆ ಬಿದ್ದ ದಿನ ಶ್ರೀಧರ ಮನೆಯಲ್ಲಿ ಅಪ್ಪನ ಜೊತೆ ಕೂತು ಊಟ ಮಾಡುವುದಿಲ್ಲ.

ಹಾಗಾದರೆ ಬೈಯಲು ಒಬ್ಬರಿದ್ದರು. ಬಾಯಿಬಿಟ್ಟು ಬೈದಿರಲಿಲ್ಲ, ಅಷ್ಟೇ. ಅಪ್ಪನ ಜೊತೆ ಕೂತು ಮಾತಾಡಿ, ನಿಮಗೋಸ್ಕರ ಬಿಟ್ಟೆ ಅನ್ನುವುದನ್ನು ಜಗಳವಾಡದೆ ಒಂದು ಸಲ ಹೇಳಿಬಿಡಿ ಎಂದೆ. ಮತ್ತೆ ಡ್ರಮ್ಸ್ ಶುರುಮಾಡಿ ಅಂತ ಯಾಕೆ ಹೇಳಲಿಲ್ಲ ಎಂದು ಸಹೋದ್ಯೋಗಿಯೊಬ್ಬರು ಆಮೇಲೆ ಕೇಳಿದರು. ಬೇಕೆಂದೇ ಹೇಳಲಿಲ್ಲ. ಅವರಿದ್ದ ಸ್ಥಿತಿಯಲ್ಲಿ ಕೋಲು ಹಿಡಿದರೆ ಹಳೇ ಗೆಳೆಯರನ್ನು ಹಿಂದೆ ಹಾಕಲೆಂದೇ ಹಿಡಿಯುತ್ತಿದ್ದರು. ಆ ರೋಲ್‌ಗೆ ಹೆಸರೋ ದುಡ್ಡೋ ಬೇಕಿದ್ದರೆ ವಕೀಲರ ಹತ್ತಿರ ಹೋಗಿ, ಅದನ್ನು ಈ ನೋವಿನ ಜೊತೆ ಕಲಸಬೇಡಿ ಎಂದೂ ಹೇಳಿದ್ದೆ. ಅದು ಈಗಲೂ ಸರಿಯೇ ಅನ್ನಿಸುತ್ತದೆ.

ಅಪ್ಪನ ವಿಷಯದಲ್ಲಿ ಅಷ್ಟು ಧೈರ್ಯವಾಗಿ ಹೇಳಲಾರೆ. ಶ್ರೀಧರ ಮಾತಾಡಿದರು. ಅಪ್ಪ ಗಾಬರಿಯಾಗಿ, "ಬಿಡು ಅಂತ ನಾನು ಯಾವತ್ತು ಹೇಳಿದೆನೋ? ಆರ್ಡರ್ ಬಂದಿದ್ದೇ ನೀನು ಸೇರಿದ ಮೇಲೆ ಗೊತ್ತಾಯ್ತು" ಅಂದರಂತೆ. ಆಮೇಲೆ ಎರಡು ವಾರ ಶ್ರೀಧರ ನನ್ನ ಕಡೆ ಸುಳಿಯಲಿಲ್ಲ. ಫೋನ್ ಎತ್ತಲಿಲ್ಲ. ಆ ಹದಿನೈದು ದಿನ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ವರ್ಷಗಟ್ಟಲೆ ಆತುಕೊಂಡಿದ್ದ ಗೋಡೆಯನ್ನು ಕೆಡವಿದೆ, ಆದರೆ ಆಚೆ ಏನಿದೆ ಎಂದು ಮೊದಲೇ ಇಣುಕಿ ನೋಡಿರಲಿಲ್ಲ. ಇಂದು ಅದೇ ಸಲಹೆ ಕೊಡಬೇಕಾಗಿ ಬಂದರೆ ಇನ್ನೂ ನಾಲ್ಕು ಭೇಟಿ ಕಾಯುತ್ತೇನೆ. ಅಪ್ಪನನ್ನೂ ಇಲ್ಲಿಗೇ ಕರೆಸುತ್ತೇನೆ.

ಮೂರನೇ ವಾರ ಬಂದರು. ಗಡ್ಡ ಬಿಟ್ಟಿದ್ದರು. "ಈಗ ನಿಜವಾಗ್ಲೂ ಯಾರೂ ಇಲ್ಲ ಮೇಡಂ" ಅಂದರು. ನಾನು ಒಂದು ಹಾಳೆ ಕೊಟ್ಟೆ. ಬಿಟ್ಟ ದಿನ ನಿಮಗೆ ಏನೇನು ಗೊತ್ತಿತ್ತೋ ಅಷ್ಟನ್ನೇ ಬರೆಯಿರಿ, ಆಮೇಲೆ ತಿಳಿದದ್ದು ಒಂದೂ ಬೇಡ ಎಂದೆ. ಹಾಡು ಹಿಟ್ ಆಗಿದ್ದು ಆ ಹಾಳೆಗೆ ಬರುವಂತಿಲ್ಲ. ಈ ವ್ಯಾಯಾಮವನ್ನು ಸೈಟು ಮಾರಿದವರಿಗೂ ಕೊಡುತ್ತೇನೆ. ಇವತ್ತಿನ ರೇಟು ಗೊತ್ತಿರುವವನು ಅವತ್ತು ಮಾರಿದವನಿಗೆ ಬೈಯುವುದು ನ್ಯಾಯವಲ್ಲ.

ಬರೆಯಲು ಅರ್ಧ ಗಂಟೆ ಹಿಡಿಯಿತು. ಒಂದು ಶೋಗೆ ತಲೆಗೆ 700 ರೂಪಾಯಿ. ಡ್ರಮ್ಸ್‌ನ ಸಿಂಬಲ್ ತಟ್ಟೆ ಸೀಳಿತ್ತು, ಹೊಸದು ಕೊಳ್ಳಲು ದುಡ್ಡಿರಲಿಲ್ಲ. ಅಪ್ಪನ ಆಪರೇಷನ್ನಿಗೆ ಚಿಕ್ಕಪ್ಪನಿಂದ ತಂದ ಸಾಲ. ಹೀಗೆ ಹತ್ತು ಸಾಲು. ಪೆನ್ನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡು ಹನ್ನೊಂದನೆಯದನ್ನು ಬರೆದರು: "ವ್ಯಾನಲ್ಲಿ ಮಲಗಿ ಮಲಗಿ ಸಾಕಾಗಿತ್ತು."

ಅದನ್ನು ತಾವೇ ಎರಡು ಸಲ ಓದಿಕೊಂಡರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ನನ್ನ ಫೈಲಿಗೆ ಒಂದು ಪ್ರತಿ ಬೇಕಿತ್ತು, ಕೇಳಲಿಲ್ಲ.