1981ರ ಡಂಜನ್ಸ್ ಆಂಡ್ ಡ್ರಾಗನ್ಸ್ ಬೇಸಿಕ್‌ನಲ್ಲಿ ಮೊದಲ ಕೋಣೆಯಲ್ಲೇ ಎಲ್ಲರೂ ಸತ್ತರೆ

ಡಂಜನ್ಸ್ ಆಂಡ್ ಡ್ರಾಗನ್ಸ್ ಎಂಬ ದಾಳದ ಪಾತ್ರಾಭಿನಯ ಆಟದ ಐದನೇ ಆವೃತ್ತಿ ಬಿಟ್ಟು ಅದರ 1981ರ ಬೇಸಿಕ್‌ಗೆ ಬಂದ್ವಿ, ಆರು ಗಾಬ್ಲಿನ್‌ಗಳಿಗೇ (ಕುಳ್ಳ ರಾಕ್ಷಸರಿಗೇ) ಇಡೀ ತಂಡ ಬಲಿಯಾಯ್ತು ಅಂದಿದ್ದೀರಿ. ಐದನೇ ಆವೃತ್ತಿಯ ಅಭ್ಯಾಸವೇ ಕಾರಣ ಇರಬೇಕು: ಕಂಡ ಕೂಡಲೇ ಕತ್ತಿ ಎಳೆಯೋದು. ಬೇಸಿಕ್‌ನಲ್ಲಿ ಹಿಟ್ ಪಾಯಿಂಟ್, ಅಂದರೆ ಪಾತ್ರದ ಜೀವಬಲ, ಸೊನ್ನೆ ಆದರೆ ಸಾವೇ. ದಾಳ ಹಾಕಿ ಸಾವಿನಿಂದ ಪಾರಾಗುವ ಡೆತ್ ಸೇವ್ ಇಲ್ಲ.

ಮೊದಲು ಗಾಬ್ಲಿನ್‌ಗಳ ವರ್ತನೆಗೆ ಎರಡು ಆರುಮುಖದ ದಾಳ ಉರುಳಿಸಿ ಕೂಡಿಸಿ. 2 ಬಂದರೆ ಮಾತ್ರ ನೇರ ದಾಳಿ. 6ರಿಂದ 8 ಬಂದರೆ ಏನು ಮಾಡಬೇಕೆಂದು ಅವಕ್ಕೇ ಗೊತ್ತಿರಲ್ಲ. ಆಗ ಮಾತಾಡಿ, ಲಂಚ ಕೊಡಿ, ಇಲ್ಲ ಸುಮ್ನೆ ಜಾರಿಕೊಳ್ಳಿ.

ಹೊಡೆದಾಟ ಶುರುವಾದರೆ ಮೊರಾಲ್, ಅಂದರೆ ಎದುರಾಳಿಯ ಧೈರ್ಯ, ನೋಡಿ. ಪುಸ್ತಕದಲ್ಲಿ ಇದು ಬೇಕಿದ್ದರೆ ಬಳಸುವ ನಿಯಮ, ಅದಕ್ಕೇ ಜನ ಹಾರಿಸಿಬಿಡ್ತಾರೆ. ಹಾರಿಸಬೇಡಿ. ಮೊದಲ ಗಾಬ್ಲಿನ್ ಸತ್ತಾಗ ಒಮ್ಮೆ, ಅರ್ಧ ಬಿದ್ದಾಗ ಇನ್ನೊಮ್ಮೆ ಎರಡು ದಾಳ. ಗಾಬ್ಲಿನ್ ಮೊರಾಲ್ 7. ಅಂದರೆ 8 ಅಥವಾ ಜಾಸ್ತಿ ಬಿದ್ದರೆ ಅವು ಓಟ ಕೀಳುತ್ತವೆ.

ಆಟಗಾರರಿಗೆ ಲೆಕ್ಕ ತೋರಿಸಿ. ಒಂದು ಗಾಬ್ಲಿನ್‌ಗೆ 5 ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ), ಹೊರಗೆ ತಂದ ಒಂದು ಚಿನ್ನದ ನಾಣ್ಯಕ್ಕೆ 1. ಫೈಟರ್‌ಗೆ (ಯೋಧನ ಪಾತ್ರಕ್ಕೆ) ಎರಡನೇ ಲೆವೆಲ್‌ಗೆ ಬೇಕಾದದ್ದು 2,000. ಬರೀ ಕೊಂದೇ ಏರ್ತೀನಿ ಅಂದರೆ ಅವನೊಬ್ಬನ ಪಾಲಿಗೇ 400 ಗಾಬ್ಲಿನ್! ಕದ್ದು ಓಡೋದೇ ಲಾಭ, ಅಲ್ವಾ?

ತಂಡದಲ್ಲಿ ಮ್ಯಾಜಿಕ್ ಯೂಸರ್ (ಮಂತ್ರವಾದಿ) ಇದ್ದರೆ ಸ್ಲೀಪ್ ಮಂತ್ರ ಕೊಡಿ. ಎರಡು ಎಂಟುಮುಖದ ದಾಳದಷ್ಟು ಹಿಟ್ ಡೈಸ್ (ಎದುರಾಳಿಗಳ ಬಲದ ಅಳತೆ) ಮಲಗುತ್ತದೆ, ತಪ್ಪಿಸಿಕೊಳ್ಳಲು ದಾಳ ಹಾಕುವ ಸೇವಿಂಗ್ ಥ್ರೋ ಇಲ್ಲ. ನಿಮ್ಮ ಆರು ಗಾಬ್ಲಿನ್‌ಗೆ ಬಹುತೇಕ ಸಾಕು.

ಯಾವ ಮಾಡ್ಯೂಲ್ (ಸಿದ್ಧ ಸಾಹಸಕಥೆಯ ಪುಸ್ತಕ) ಅಂತ ನೀವು ಹೇಳಿಲ್ಲ. ಮೇಲಿನ ಲೆವೆಲ್‌ನವರಿಗೆ ಬರೆದದ್ದಾದರೆ ಇದ್ಯಾವುದೂ ಸಾಲದು. ಮೊದಲು ಅದರ ಮುಖಪುಟದಲ್ಲಿ ಲೆವೆಲ್ 1ರಿಂದ 3 ಅಂತ ಇದೆಯಾ ನೋಡಿಕೊಳ್ಳಿ.