ಅಂಗೈಯ ನಕ್ಷೆಯಲ್ಲಿ ಕಿಡ್ನಿ

ಮಾನ್ಯರೇ,

ಜಾತ್ರೆಯ ಮಳಿಗೆಯಲ್ಲಿ ಕೊಂಡ ಹಸ್ತದ ನಕ್ಷೆಯನ್ನು ಮುಂದಿಟ್ಟುಕೊಂಡು ದಿನವೂ ಅಂಗೈ ಒತ್ತಿಕೊಳ್ಳುತ್ತಿರುವುದಾಗಿಯೂ, ಕತ್ತಿನ ಬಿಗಿತ ಅದರಿಂದ ಎಷ್ಟೋ ಸಡಿಲವಾಗಿರುವುದಾಗಿಯೂ, ಆದರೆ ‘ಕಿಡ್ನಿ’ ಎಂದು ಗುರುತು ಹಾಕಿರುವ ಜಾಗವನ್ನು ಒತ್ತಿದಾಗಲೆಲ್ಲ ಚುಳ್ಳೆನ್ನುವ ನೋವಿನಿಂದ ಗಾಬರಿಯಾಗಿರುವುದಾಗಿಯೂ ಬರೆದಿದ್ದೀರಿ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ ಎಂಬುದನ್ನು ಮಾತ್ರ ಪತ್ರದ ಕೊನೆಯಲ್ಲಿ, ಮರೆತದ್ದನ್ನು ನೆನಪಿಸಿಕೊಂಡವರಂತೆ, ಒಂದೇ ಸಾಲಿನಲ್ಲಿ ಸೇರಿಸಿದ್ದೀರಿ. ನಾನು ಆ ಸಾಲಿನಿಂದಲೇ ಆರಂಭಿಸುತ್ತೇನೆ.

ಅಂಗೈಯ ನಡುಭಾಗ ನೋಯುವುದಕ್ಕೂ ಮೂತ್ರಪಿಂಡಕ್ಕೂ ಸಂಬಂಧವಿಲ್ಲ. ಬೆರಳುಗಳನ್ನು ಮಡಿಸುವ ಸ್ನಾಯುರಜ್ಜುಗಳೂ ನರದ ಕವಲುಗಳೂ ಅಲ್ಲಿ ಒತ್ತಾಗಿ ಹಾದುಹೋಗುವುದರಿಂದ, ಮರದ ಕಡ್ಡಿಯ ಮೊನೆಯನ್ನು ಬಲವಾಗಿ ಊರಿದರೆ ಯಾರಿಗಾದರೂ ನೋಯುತ್ತದೆ. ಮೂತ್ರಪಿಂಡದ ಸ್ಥಿತಿ ತಿಳಿಯುವುದು ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆಗಳಿಂದ. ಸಕ್ಕರೆ ಕಾಯಿಲೆಯವರು ಇವೆರಡನ್ನೂ, ಅಂಗೈ ನೋಯಲಿ ಬಿಡಲಿ, ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ನಿಮ್ಮಂತೆ ಗಾಬರಿಯಾದವರು ಹೇಗೂ ವೈದ್ಯರ ಬಳಿಗೆ ಹೋಗುತ್ತಾರೆ. ಬಿಂದು ನೋಯಲಿಲ್ಲವಾದ್ದರಿಂದ ಕಿಡ್ನಿ ಚೆನ್ನಾಗಿದೆ ಎಂದು ನೆಮ್ಮದಿಯಿಂದ ಪರೀಕ್ಷೆಯನ್ನು ಮುಂದೂಡುವವರ ಬಗ್ಗೆಯೇ ನನಗೆ ಹೆಚ್ಚು ಚಿಂತೆ.

ಈ ನಕ್ಷೆ ಸಾವಿರಾರು ವರ್ಷ ಹಳೆಯದೆಂದು ಮಳಿಗೆಯವರು ಹೇಳಿದರೆಂದು ಬರೆದಿದ್ದೀರಿ. ಒತ್ತಿ ನೋವು ಕಳೆಯುವ ರೂಢಿ ಹಳೆಯದು ನಿಜ. ನಕ್ಷೆ ಅಷ್ಟು ಹಳೆಯದಲ್ಲ. ಅಮೆರಿಕದ ಕಿವಿ-ಮೂಗು-ಗಂಟಲಿನ ವೈದ್ಯ ವಿಲಿಯಂ ಫಿಟ್ಜೆರಾಲ್ಡ್ ದೇಹವನ್ನು ಉದ್ದುದ್ದವಾಗಿ ಹತ್ತು ಪಟ್ಟಿಗಳಾಗಿ ಭಾಗಿಸಿ, ಒಂದೊಂದು ಪಟ್ಟಿಯೂ ಒಂದೊಂದು ಬೆರಳಿನಲ್ಲಿ ಕೊನೆಗೊಳ್ಳುತ್ತದೆಂದು ವಾದಿಸಿದ ಪುಸ್ತಕ ಬಂದದ್ದು 1917ರಲ್ಲಿ. ಬೆರಳಿಗೆ ರಬ್ಬರ್ ಬ್ಯಾಂಡ್ ಬಿಗಿಯುವುದು, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುವುದು ಅವರ ಉಪಾಯಗಳು. 1930ರ ದಶಕದಲ್ಲಿ ಯೂನಿಸ್ ಇಂಗ್‌ಹ್ಯಾಮ್ ಇದನ್ನು ಮುಖ್ಯವಾಗಿ ಅಂಗಾಲಿನ ಚಿಕಿತ್ಸೆಯಾಗಿ ಬೆಳೆಸಿದರು; ರಿಫ್ಲೆಕ್ಸಾಲಜಿ ಎನ್ನುವುದು ಇದನ್ನೇ. ಬೆರಳಿಗೆ ಮೆಂತ್ಯದ ಕಾಳು ಅಂಟಿಸುವುದರಿಂದ ನಮ್ಮಲ್ಲಿ ಅನೇಕರಿಗೆ ಪರಿಚಿತವಾಗಿರುವ ಸುಜೋಕ್, ಕೊರಿಯಾದ ಪಾರ್ಕ್ ಜೇ ವೂ ಅವರಿಂದ 1980ರ ದಶಕದಲ್ಲಿ ಬಂದದ್ದು.

ನಿಮ್ಮ ಪತ್ರ ಓದಿದ ಮೇಲೆ ಎರಡು ಪದ್ಧತಿಗಳ ನಕ್ಷೆಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಬೆನ್ನೆಲುಬನ್ನು ಹುಡುಕಿದೆ. ರಿಫ್ಲೆಕ್ಸಾಲಜಿಯಲ್ಲಿ ಅದು ಹೆಬ್ಬೆರಳಿನ ಅಂಚಿಗುಂಟ ಮಣಿಕಟ್ಟಿನತ್ತ ಇಳಿಯುತ್ತದೆ. ಸುಜೋಕ್‌ನಲ್ಲಿ ಹೆಬ್ಬೆರಳು ತಲೆ, ಮಧ್ಯದ ಬೆರಳು ಮತ್ತು ಉಂಗುರದ ಬೆರಳು ಕಾಲುಗಳು, ಬೆನ್ನೆಲುಬು ಹಿಂಗೈಯ ನಡುವೆ. ಒಂದೇ ಕೈಯಲ್ಲಿ ಒಬ್ಬನದೇ ಬೆನ್ನು ಎರಡು ಕಡೆ ಇರಲಾರದು. ಆದರೂ ಎರಡೂ ಪದ್ಧತಿಗಳವರು ಗುಣ ಕಂಡೆವೆನ್ನುತ್ತಾರಾದ್ದರಿಂದ, ಗುಣಕ್ಕೆ ಕಾರಣ ಬಿಂದುವಿನಲ್ಲಿಲ್ಲ, ಒತ್ತುವುದರಲ್ಲಿದೆ ಎಂದು ನನಗನ್ನಿಸುತ್ತದೆ. ರಿಫ್ಲೆಕ್ಸಾಲಜಿಯ ಪ್ರಯೋಗಗಳನ್ನು 2009ರಲ್ಲಿ ಒಟ್ಟಾಗಿ ಪರಿಶೀಲಿಸಿದ, ಪರ್ಯಾಯ ಚಿಕಿತ್ಸೆಗಳ ಸಂಶೋಧಕ ಎಡ್ಜರ್ಡ್ ಅರ್ನ್‌ಸ್ಟ್ ಅವರಿಗೂ, ಅದು ಯಾವುದೇ ಕಾಯಿಲೆಯನ್ನು ವಾಸಿಮಾಡುತ್ತದೆಂದು ನಂಬುವಂಥ ಪುರಾವೆ ಸಿಗಲಿಲ್ಲ.

ಹಾಗೆಂದು ನಿಮಗೆ ಸಿಕ್ಕ ಆರಾಮ ಸುಳ್ಳಲ್ಲ. ಮೊಣಕೈ ಬಾಗಿಲಿಗೆ ತಾಗಿದ ಕೂಡಲೇ ನಾವು ಅದನ್ನು ಉಜ್ಜಿಕೊಳ್ಳುತ್ತೇವೆ. ಸ್ಪರ್ಶದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ಅಷ್ಟಿಷ್ಟು ತಡೆಯುತ್ತದೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ವಿವರಿಸಿದರು. ಇಪ್ಪತ್ತು ನಿಮಿಷ ಸುಮ್ಮನೆ ಕೂತು ಉಸಿರು ನಿಧಾನವಾದಾಗ, ನಮಗೇ ತಿಳಿಯದೆ ಎತ್ತಿ ಹಿಡಿದಿದ್ದ ಹೆಗಲೂ ಇಳಿಯುತ್ತದೆ.

ಆದ್ದರಿಂದ ಮುಂದುವರಿಸಿ, ಆದರೆ ಕಡ್ಡಿಯನ್ನು ಬಿಟ್ಟುಬಿಡಿ. ಅಂಗೈಗೆ ನಾಲ್ಕು ಹನಿ ಹರಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಸವರಿ, ಹೆಬ್ಬೆರಳ ಬುಡದ ದಪ್ಪ ಮಾಂಸವನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಹಿಟ್ಟು ನಾದುವಂತೆ ನಿಧಾನವಾಗಿ ತಿಕ್ಕಿ. ದಿನವಿಡೀ ಮೊಬೈಲು, ಚಾಕು, ಪೊರಕೆ ಹಿಡಿದು ದಣಿಯುವುದು ಅದೇ. ಬಳಿಕ ಒಂದೊಂದು ಬೆರಳನ್ನೂ ಬುಡದಿಂದ ತುದಿಯವರೆಗೆ ನೀವಿ. ಒತ್ತಡ ಹಿತವಾಗಿರಬೇಕು, ಮುಖ ಕಿವುಚುವಷ್ಟಿರಬಾರದು. ಸಕ್ಕರೆ ಕಾಯಿಲೆಯಿಂದ ಬೆರಳಿನ ಸಂವೇದನೆ ಕುಂದಿದ್ದರೆ ಗಾಯವಾದದ್ದೂ ತಿಳಿಯುವುದಿಲ್ಲವಾದ್ದರಿಂದ, ಮುಳ್ಳುಮುಳ್ಳಿನ ಉರುಳೆ, ಬಿಗಿಯಾದ ಉಂಗುರ, ರಬ್ಬರ್ ಬ್ಯಾಂಡ್ ನಿಮಗೆ ಬೇಡವೇ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರೂ ಗಟ್ಟಿಯಾಗಿ ಒತ್ತಬಾರದು.

ರಾತ್ರಿ ಹೆಬ್ಬೆರಳು, ತೋರುಬೆರಳು ಮತ್ತು ಮಧ್ಯದ ಬೆರಳು ಜೋಮು ಹಿಡಿದು, ಕೈ ಕೊಡವಿದರೆ ಸರಿಹೋಗುತ್ತದೆ ಎಂದೂ ಬರೆದಿದ್ದೀರಿ. ಇದು ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿರುವ ಲಕ್ಷಣವಿರಬಹುದು, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಒತ್ತುತ್ತಾ ಕಾಲ ಕಳೆಯದೆ ವೈದ್ಯರಿಗೆ ತೋರಿಸಿ. ಎದೆ ಬಿಗಿತ, ಬೆವರು ಅಥವಾ ಉಬ್ಬಸದ ಜೊತೆಗೆ ಎಡಗೈ ನೋವು ಬಂದರಂತೂ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಎರಡು ಸಾವಿರ ರೂಪಾಯಿಯ ಕಂಪಿಸುವ ಯಂತ್ರ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಬೇಡ. ಮೊದಲು ಆ ಎರಡು ಪರೀಕ್ಷೆಗಳನ್ನು ಮಾಡಿಸಿ.

— ಸಂಪಾದಕ