ವೇದಿಕೆಯಲ್ಲಿ ಹಾಡಿನ ನೋಟ್‌ಬುಕ್ ಬದಲಿಗೆ ಟ್ಯಾಬ್ ಬಳಸಬಹುದೇ?

ಸಿಂಧನೂರಿನ ಸುತ್ತಮುತ್ತ ದಾಸರ ಪದ, ವಚನ, ಭಾವಗೀತೆಗಳ ಕಾರ್ಯಕ್ರಮ ನೀಡುತ್ತಿರುವುದಾಗಿಯೂ, ಸಾಹಿತ್ಯ ಬರೆದಿಟ್ಟ ನೋಟ್‌ಬುಕ್‌ಗಳ ಬದಲು ಒಂದು ಟ್ಯಾಬ್ ಇಟ್ಟುಕೊಳ್ಳುವುದು ಸರಿಯೇ, ಇಟ್ಟುಕೊಂಡರೆ ಯಾವುದನ್ನು ಕೊಳ್ಳಬೇಕು ಎಂದೂ ಕೇಳಿದ್ದೀರಿ. ಬಳ್ಳಾರಿಯಲ್ಲಿದ್ದು ಗಾಯಕರಿಗೆ ಹಾರ್ಮೋನಿಯಂ ಸಾಥ್ ನೀಡುತ್ತ, ಆಗೀಗ ನಾನೂ ಹಾಡುತ್ತ ಬಂದ ಅನುಭವದಿಂದ ಹೇಳುವುದಾದರೆ, ಧಾರಾಳವಾಗಿ ಬಳಸಿ. ಆದರೆ ಯಾವ ಟ್ಯಾಬ್ ಎಂಬುದಕ್ಕಿಂತ ಅದರೊಳಗಿನ ಪುಟಗಳನ್ನು ನೀವು ಹೇಗೆ ಸಿದ್ಧಪಡಿಸುತ್ತೀರಿ ಎಂಬುದೇ ಹೆಚ್ಚು ಮುಖ್ಯ.

ಎ4 ಹಾಳೆಯನ್ನು ಮೂಲೆಯಿಂದ ಮೂಲೆಗೆ ಅಳೆದರೆ 14 ಇಂಚಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಸಾಮಾನ್ಯ ಟ್ಯಾಬ್‌ನ ಪರದೆ 10 ಅಥವಾ 11 ಇಂಚು. ಆದ್ದರಿಂದ ದೊಡ್ಡ ಹಾಳೆಯ ಫೋಟೋ ತೆಗೆದು ಹಾಗೆಯೇ ಹಾಕಿಕೊಂಡರೆ, ಎರಡು ಮೂರು ಅಡಿ ದೂರದಲ್ಲಿಟ್ಟ ಪರದೆಯ ಮೇಲೆ ಅಕ್ಷರಗಳು ಕಣ್ಣಿಗೆ ನಿಲುಕುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ದಪ್ಪ ಅಕ್ಷರದ ಜೊತೆಗೆ ಸಾಲುಗಳ ನಡುವೆ ಸಾಕಷ್ಟು ಅಂತರವೂ ಬೇಕು. ಪ್ರತಿ ಹಾಡನ್ನೂ ಹೊಸದಾಗಿ ಟೈಪ್ ಮಾಡಿ, ಸಾಧ್ಯವಾದಷ್ಟು ಒಂದೇ ಪುಟದಲ್ಲಿ ಮುಗಿಸಿ, ತಲೆಬರಹದ ಪಕ್ಕದಲ್ಲಿಯೇ ರಾಗ, ತಾಳ ಮತ್ತು ನಿಮ್ಮ ಶ್ರುತಿಯನ್ನು ನಮೂದಿಸಿ. ಮರಳಿ ಹಾಡುವ ಪಲ್ಲವಿಯನ್ನು ಪ್ರತಿ ಚರಣದ ನಂತರ ಪೂರ್ತಿಯಾಗಿ ಬರೆಯಬೇಕಾಗಿಲ್ಲ. ಅದರ ಮೊದಲ ಪದ ಸಾಕು.

ಇಲ್ಲಿ ಕನ್ನಡದವರಿಗೇ ಎದುರಾಗುವ ತೊಡಕೊಂದಿದೆ. ಡಿ.ಟಿ.ಪಿ. ಅಂಗಡಿಗಳಲ್ಲಿ ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿಸಿದ ಕಡತವನ್ನು ಟ್ಯಾಬ್‌ನಲ್ಲಿ ತೆರೆದರೆ, ಆ ಫಾಂಟ್ ಅಲ್ಲಿರದ ಕಾರಣ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಇಲ್ಲವೇ ಫಾಂಟ್ ಒಳಗೊಂಡಂತೆ ಪಿ.ಡಿ.ಎಫ್. ಮಾಡಿಸಿಕೊಳ್ಳಿ. ಯುನಿಕೋಡ್ ಆದರೆ ಹುಡುಕಾಟಕ್ಕೂ ಒದಗುತ್ತದೆ. ಹಾಡಿನ ಸ್ವರಗಳನ್ನು ಬರೆದಿಡುವ ಸ್ವರಲಿಪಿಯ ವಿಷಯದಲ್ಲಿ ಮಾತ್ರ ನನ್ನ ಸಲಹೆ ಬೇರೆ. ಹಿಂದೂಸ್ತಾನಿ ಸಂಗೀತದ ಭಾತಖಂಡೆ ಸ್ವರಲಿಪಿ ಪದ್ಧತಿಯಲ್ಲಿ ಕೋಮಲ ಸ್ವರಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ಮೇಲೊಂದು ನೆಟ್ಟ ಗೆರೆ, ತಗ್ಗಿನ ಮಂದ್ರ ಸಪ್ತಕಕ್ಕೆ ಕೆಳಗೆ ಚುಕ್ಕಿ, ಎತ್ತರದ ತಾರ ಸಪ್ತಕಕ್ಕೆ ಮೇಲೆ ಚುಕ್ಕಿ ಬರುತ್ತವೆ. ಟೈಪ್ ಮಾಡುವಾಗ ಇವು ಅಕ್ಷರದಿಂದ ಜರುಗಿಬಿಡುವುದುಂಟು, ಚುಕ್ಕಿಯೊಂದು ಜರುಗಿದರೆ ಸಪ್ತಕವೇ ಬದಲಾಗುತ್ತದೆ. ಆದ್ದರಿಂದ ಸ್ವರಲಿಪಿಯನ್ನು ಕಪ್ಪು ಶಾಯಿಯಲ್ಲಿ ದೊಡ್ಡದಾಗಿ ಕೈಯಿಂದ ಬರೆದು ಸ್ಕ್ಯಾನ್ ಮಾಡುವುದೇ ಒಳ್ಳೆಯದು.

ಪಿ.ಡಿ.ಎಫ್. ಪುಟಗಳನ್ನು ಕಾರ್ಯಕ್ರಮದ ಕ್ರಮಕ್ಕೆ ತಕ್ಕಂತೆ ಜೋಡಿಸಲು ಐಪ್ಯಾಡ್‌ನಲ್ಲಿ ಫೋರ್‌ಸ್ಕೋರ್, ಆಂಡ್ರಾಯ್ಡ್‌ನಲ್ಲಿ ಮೊಬೈಲ್‌ಶೀಟ್ಸ್ ಎಂಬ ಆ್ಯಪ್‌ಗಳಿವೆ. ಪುಟ ತಿರುಗಿಸುವ ಬ್ಲೂಟೂತ್ ಪೆಡಲ್‌ಗಳನ್ನು ಬಹಳ ಜನ ಹೊಗಳುತ್ತಾರೆ. ರಸಮಂಜರಿಯಲ್ಲಿ ನಿಂತು ಅಥವಾ ಕುರ್ಚಿಯಲ್ಲಿ ಕುಳಿತು ಕೀಬೋರ್ಡ್ ನುಡಿಸುವವರಿಗೆ ಅವು ನಿಜಕ್ಕೂ ಉಪಯುಕ್ತ. ಆದರೆ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಹಾಡುವ ನಮಗೆ ಕಾಲು ಪೆಡಲಿಗೆ ಒದಗುವುದೇ ಇಲ್ಲ. ಒಂದು ಹಾಡಿಗೆ ಒಂದು ಪುಟ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕಾಗಿಯೇ. ಎರಡನೆಯ ಪುಟ ಅನಿವಾರ್ಯವಾದರೆ ಚರಣಗಳ ನಡುವೆಯೇ ಪುಟ ಒಡೆಯುವಂತೆ ನೋಡಿಕೊಳ್ಳಿ. ಹಾರ್ಮೋನಿಯಂ ನೀವೇ ನುಡಿಸುವುದಾದರೆ, ಒಳಗಿನ ತಿದಿಯಲ್ಲಿ ತುಂಬಿದ ಗಾಳಿ ಎಡಗೈಯನ್ನು ಕ್ಷಣಕಾಲ ಬಿಡಲು ಅವಕಾಶ ಕೊಡುತ್ತದೆ, ಅಷ್ಟರಲ್ಲಿ ಪುಟ ಸರಿಸಬಹುದು. ಬೆರಳಿನ ಬೆವರು ಒರೆಸಿಕೊಳ್ಳಲು ಪಕ್ಕದಲ್ಲೊಂದು ಒಣಬಟ್ಟೆ ಇರಲಿ, ತೇವವಾದ ಪರದೆ ಸ್ಪರ್ಶಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ.

ನಮ್ಮ ಕಡೆಯ ಬಿಸಿಲನ್ನು ಲಘುವಾಗಿ ಪರಿಗಣಿಸಬೇಡಿ. ಐಪ್ಯಾಡನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ಆಪಲ್ ಹೇಳುತ್ತದೆ. ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಸಾಮಾನ್ಯ. ಕಾವು ಏರಿದಾಗ ಪರದೆ ಮೊದಲು ಮಂಕಾಗಿ, ಆಮೇಲೆ ಎಚ್ಚರಿಕೆ ತೋರಿಸಿ ಸಾಧನವೇ ನಿಂತುಬಿಡಬಹುದು. ಹಗಲಿನ ಕಾರ್ಯಕ್ರಮವಾದರೆ ಹಾಡಲು ಕೂರುವವರೆಗೆ ಅದನ್ನು ನೆರಳಿನಲ್ಲಿಡಿ, ದಪ್ಪ ಕವರ್ ತೆಗೆಯಿರಿ, ಹಾಡುವಾಗ ಚಾರ್ಜಿಗೆ ಹಾಕಬೇಡಿ, ಏಕೆಂದರೆ ಚಾರ್ಜಿಂಗ್ ಕೂಡ ಕಾವನ್ನು ಹೆಚ್ಚಿಸುತ್ತದೆ. ರಾತ್ರಿಯ ವೇದಿಕೆಗೆ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಿದ್ದರೆ ಬೆಳಕು ನಿಮ್ಮ ಮುಖದ ಮೇಲೆ ಬೀಳುವುದು ಕಡಿಮೆಯಾಗುತ್ತದೆ. ಪರದೆ ತಾನಾಗಿ ಆರದಂತೆಯೂ ತಿರುಗದಂತೆಯೂ ಮಾಡಿ, ಫ್ಲೈಟ್ ಮೋಡ್‌ಗೆ ಹಾಕಿ. ವೇದಿಕೆಯಲ್ಲಿ ಇಂಟರ್ನೆಟ್ ನಂಬಿ ಸಾಹಿತ್ಯ ಹುಡುಕುವುದಂತೂ ಖಂಡಿತ ಬೇಡ.

ಇಂಟರ್ನೆಟ್ ನಂಬಬೇಡಿ ಎನ್ನಲು ಇನ್ನೂ ದೊಡ್ಡ ಕಾರಣ ಪಾಠಾಂತರ, ಅಂದರೆ ಒಂದೇ ಹಾಡಿನ ಸಾಹಿತ್ಯ ಬೇರೆ ಬೇರೆ ರೂಪಗಳಲ್ಲಿ ಸಿಗುವುದು. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಬಾಳಿದ ನೆಲ ನಮ್ಮ ರಾಯಚೂರು ಸೀಮೆ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರಿಗೆ ಪದಗಳು ಬಾಯಿಪಾಠವಿರುತ್ತವೆ. ಒಂದು ಶಬ್ದ ತಪ್ಪಿದರೂ, ರಚಿಸಿದವರ ಗುರುತಾದ ಅಂಕಿತವಿರುವ ಚರಣ ಬಿಟ್ಟರೂ ಅವರಿಗೆ ಗೊತ್ತಾಗುತ್ತದೆ. ಎಲ್ಲಿಂದಲೋ ನಕಲಿಸಿದ ಸಾಹಿತ್ಯವನ್ನು ಗುರುಗಳು ಹೇಳಿಕೊಟ್ಟ ಪಾಠದೊಡನೆ ಹೋಲಿಸಿ ತಿದ್ದಿದ ಮೇಲೆಯೇ ಟ್ಯಾಬ್‌ಗೆ ಸೇರಿಸಿ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ, ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ ಎಂದು ಅಂಕಿತದ ಪ್ರಕಾರ ವಿಂಗಡಿಸಿಟ್ಟರೆ, ಕೇಳುಗರು ಇಂಥ ದಾಸರದೊಂದು ಪದ ಅಥವಾ ಇಂಥ ಶರಣರದೊಂದು ವಚನ ಹಾಡಿರೆಂದಾಗ ಕೂಡಲೇ ಸಿಗುತ್ತದೆ.

ನೋಡಿ ಹಾಡಿದರೆ ಜನ ಏನೆಂದುಕೊಂಡಾರು ಎಂಬ ಅಳುಕನ್ನೂ ತೋಡಿಕೊಂಡಿದ್ದೀರಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಗಾಯಕರು ನೆನಪಿನಿಂದಲೇ ಹಾಡುವುದನ್ನು ಕೇಳಿದ ನಾಡು ನಮ್ಮದು, ಆದ್ದರಿಂದ ನಿಮ್ಮ ಅಳುಕು ಸಹಜ. ಪ್ರತಿ ಕಾರ್ಯಕ್ರಮದಲ್ಲೂ ಹಾಡುವ ಪದಗಳನ್ನು ಕಂಠಸ್ಥ ಮಾಡಿಕೊಳ್ಳಿ. ಅಪರೂಪದವು ಮತ್ತು ಬೇಡಿಕೆಯ ಹಾಡುಗಳಿಗೆ ಟ್ಯಾಬ್ ನೋಡಿ. ಅದನ್ನು ಮೈಕಿನ ಒಂದು ಬದಿಗೆ, ಎದೆಗಿಂತ ಕೆಳಗೆ ಓರೆಯಾಗಿಟ್ಟರೆ ನಿಮಗೂ ಸಭೆಗೂ ನಡುವೆ ಅಡ್ಡ ಬರುವುದಿಲ್ಲ. ಅಂದಿನ ಹಾಡುಗಳಷ್ಟನ್ನು ಮುದ್ರಿಸಿದ ಹಾಳೆಗಳು ಹಾರ್ಮೋನಿಯಂ ಪೆಟ್ಟಿಗೆಯಲ್ಲಿರಲಿ, ಅವುಗಳ ಕ್ರಮ ಟ್ಯಾಬ್‌ನಲ್ಲಿರುವ ಕ್ರಮವೇ ಆಗಿರಲಿ.